ಮಂಗ ಮಾಡುವ ಕ್ರಿಯಾಪದ

ಮೆಟ್ರೊ ದರದ ಕಥೆ ನಿಮಗೆ ಗೊತ್ತೇ ಇದೆ. 2025ರ ಫೆಬ್ರುವರಿ 9ರಂದು ಏರಿತು, ಕೆಲವು ನಿಲ್ದಾಣಗಳ ನಡುವೆ ದುಪ್ಪಟ್ಟಾಯಿತು, ಬೆಂಗಳೂರಿಗರು ಬಾಯಿ ಬಡಿದುಕೊಂಡರು, ವಾರ ಕಳೆಯುವುದರೊಳಗೆ ‘ಇಳಿಕೆ’ಯೂ ಆಗಿಬಿಟ್ಟಿತು. ಇಳಿದು ನಿಂತದ್ದೆಲ್ಲಿ? ಏರಿಕೆ ಶೇ 71 ಮೀರದ ಹಾಗೆ. ನೂರು ಏಟು ಹಾಕಲು ಬಂದವನು ಎಪ್ಪತ್ತೊಂದಕ್ಕೆ ಕೈ ತಡೆದು, ಉಳಿದ ಇಪ್ಪತ್ತೊಂಬತ್ತಕ್ಕೆ ಹಾರ ಹಾಕಿ ಅಂದ ಹಾಗೆ.

ಈ ವಿದ್ಯೆಗೆ ಇಂಗ್ಲಿಷಿನಲ್ಲಿ ಒಂದು ಸೊಗಸಾದ ಕ್ರಿಯಾಪದವಿದೆ: ಬ್ಯಾಂಬೂಜಲ್. ತಲೆ ಕೆಡಿಸುವುದು ಅದರ ಅರ್ಧ ಅರ್ಥ. ಕೆಟ್ಟ ತಲೆ ಸರಿಹೋಗುವಷ್ಟರಲ್ಲಿ ಕೆಲಸ ಮುಗಿಸಿಕೊಳ್ಳುವುದು ಇನ್ನರ್ಧ. ಪಾಪದ ಕನ್ಫ್ಯೂಸ್‌ಗೆ ಈ ಯೋಗ್ಯತೆ ಎಲ್ಲಿಂದ ಬರಬೇಕು? ಅದು ಲ್ಯಾಟಿನ್ನಿನಿಂದ ಬಂದ ಸಾಧು ಪದ, ಎಲ್ಲವನ್ನೂ ಒಟ್ಟಿಗೆ ಸುರಿಯುವುದು ಎಂದಷ್ಟೇ ಅದರ ಮೂಲ. ಆ ಲೆಕ್ಕದಲ್ಲಿ ಬಿಸಿಬೇಳೆಬಾತೂ ಕನ್ಫ್ಯೂಷನ್ನೇ. ಆದರೆ ಅದು ಯಾರಿಗೂ ಮೋಸ ಮಾಡಿಲ್ಲ.

ಪದದ ತಲೆಯಲ್ಲೇ ಬ್ಯಾಂಬೂ ಕಂಡು ನನ್ನ ಕನ್ನಡದ ಎದೆ ಒಂದು ಗಳಿಗೆ ಉಬ್ಬಿದ್ದು ನಿಜ. ಬ್ಯಾಂಬೂ ಮಲಯ ಭಾಷೆಯದು ಎನ್ನುವವರಿದ್ದಾರೆ, ಕನ್ನಡದ ಬಂಬುವೇ ಹಡಗು ಹತ್ತಿತು ಎನ್ನುವವರೂ ಇದ್ದಾರೆ. ಬೊಂಬು ನಮ್ಮದಾದರೆ ಬ್ಯಾಂಬೂಜಲ್ಲೂ ನಮ್ಮದೇ ತಾನೆ? ರಾಜ್ಯೋತ್ಸವಕ್ಕೆ ಒಂದು ಸ್ತಬ್ಧಚಿತ್ರ ಮಾಡಿಸಬಹುದು, ಮೇಲೆ ನಿಂತು ಕೈಬೀಸುವವರಿಗೂ ಬರವಿಲ್ಲ ಎಂದೆಲ್ಲ ಲೆಕ್ಕ ಹಾಕಿದೆ. ನಿಘಂಟು ತಣ್ಣೀರೆರಚಿತು: ಬಿದಿರಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ.

ಹಾಗಾದರೆ ಇದರ ಹುಟ್ಟೂರು? 1700ರ ಆಸುಪಾಸಿನಲ್ಲಿ ಪೋಲಿಮಾತಾಗಿ ಕಾಣಿಸಿಕೊಂಡಿತು ಎನ್ನುವುದರಾಚೆಗೆ ಉಳಿದದ್ದೆಲ್ಲ ಊಹೆ. ಸ್ಕಾಟ್ಲೆಂಡಿನವರ ಮಾತು ಎಂದು ಒಬ್ಬರು. ನನಗೆ ಹಿಡಿಸಿದ್ದು ಫ್ರೆಂಚ್ ಊಹೆ, ಬಬೂನ್ ಕೋತಿಗೆ ಸಂಬಂಧಿಸಿದ್ದು. ಎದುರಿಗಿದ್ದವನನ್ನು ಬಬೂನ್ ಮಾಡುವುದು. ಮಂಗ ಮಾಡುವುದು! ಇದಕ್ಕೆ ಪ್ಯಾರಿಸ್‌ವರೆಗೆ ಹೋಗಬೇಕಿತ್ತೆ? ನಮ್ಮಲ್ಲಿ ಮಂಗ ಆದವನಿಗೆ ಉಪಚಾರವೂ ಜಾಸ್ತಿ: ಕಿವಿಗೆ ಹೂ, ಹಣೆಗೆ ಪಂಗನಾಮ, ತಲೆಗೆ ಟೋಪಿ, ಬಾಯಿಗೆ ಚಳ್ಳೆಹಣ್ಣು, ಮೇಲಿಂದ ಒಂದು ಹಿಡಿ ಮಂಕುಬೂದಿ. ಮದುವೆಗಂಡಿಗೂ ಇಷ್ಟು ಸಿಗಲಿಕ್ಕಿಲ್ಲ.

1710ರಲ್ಲಿ ವಿಡಂಬನೆಗೆ ಹೆಸರಾದ ಲೇಖಕ ಜೊನಾಥನ್ ಸ್ವಿಫ್ಟ್ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ ಭಾಷೆ ಕೆಟ್ಟುಹೋಯಿತೆಂದು ಗೋಳಾಡಿದ; ಅವನ ಸಿಟ್ಟಿಗೆ ಸಿಕ್ಕ ಪದಗಳಲ್ಲಿ ಇದೂ ಒಂದು. 1755ರ ತನ್ನ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಇದನ್ನು ಒಳಗೆ ಬಿಟ್ಟುಕೊಂಡನಾದರೂ, ಶುದ್ಧವಾದ, ಗಂಭೀರವಾದ ಬರಹಕ್ಕೆ ಸಲ್ಲದ ಪದವೆಂದು ಷರಾ ಬರೆದ. ಅವನ ಮಾತನ್ನು ನಮ್ಮವರು ಚಾಚೂ ತಪ್ಪದೆ ಪಾಲಿಸಿದ್ದಾರೆ. ಗಂಭೀರ ಬರಹದಲ್ಲಿ ಅದನ್ನು ‘ದರ ಪರಿಷ್ಕರಣೆ’ ಎನ್ನುತ್ತಾರೆ.

ಪರಿಷ್ಕರಿಸಿದವರು ಯಾರು ಎಂದು ಕೇಳಿದಿರೋ, ಮುಗಿಯಿತು. ನಾವಲ್ಲ, ದರ ನಿಗದಿ ಸಮಿತಿ ಎಂದಿತು ವಿಧಾನಸೌಧ. ಸಮಿತಿ ಮಾಡಿದ್ದು ಕೇಂದ್ರ ಎಂದೂ ಸೇರಿಸಿತು. ಸಮಿತಿ ಬೇಕೆಂದು ಕೇಳಿದ್ದೇ ನೀವಲ್ಲವೇ ಎಂದರು ಆ ಕಡೆಯವರು. ಎರಡು ಸರ್ಕಾರಗಳ ಪಾಲುದಾರಿಕೆಯ ನಿಗಮ ನೋಡಿ, ಲಾಭಕ್ಕೆ ಇಬ್ಬರು ಅಪ್ಪಂದಿರು, ಏರಿಕೆಗೆ ಒಬ್ಬನೂ ಇಲ್ಲ. ಸ್ವಿಫ್ಟ್ ಇದ್ದಿದ್ದರೆ ಪೆನ್ನು ಕೆಳಗಿಟ್ಟು ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದ.

ಸಾಕು. ಗರಿಷ್ಠ ದರ 60 ರೂಪಾಯಿ ಇದ್ದದ್ದು 90 ಆಯಿತು, ‘ಇಳಿಕೆ’ಯ ಮರುದಿನವೂ ಅದು 90 ರೂಪಾಯಿಯೇ ಆಗಿತ್ತು. ದುಡ್ಡು ಸಾಲುತ್ತಿಲ್ಲ, ಸಾಲ ಇದೆ, ಅದಕ್ಕೇ ಏರಿಸಿದ್ದೇವೆ ಅಂತ ಒಬ್ಬರಾದರೂ ಮುಖ ಕೊಟ್ಟು ಹೇಳಬಹುದಿತ್ತಲ್ಲ. ಬೈಯುತ್ತಿದ್ದೆವು, ಕಾರ್ಡಿಗೆ ದುಡ್ಡು ಹಾಕಿಸಿಕೊಂಡು ಹತ್ತುತ್ತಿದ್ದೆವು. ಅದು ಬಿಟ್ಟು, ದಿನಾ ಎರಡು ಹೊತ್ತು ನಿಂತುಕೊಂಡೇ ಹೋಗಿಬರುವವರಿಗೆ ಶೇಕಡಾವಾರು ಪಾಠ. ಬಸ್ಸಿಗಾದರೂ ಹೋಗೋಣವೆಂದರೆ, ಅದರ ದರ ಅದೇ ಜನವರಿಯಲ್ಲಿ ಶೇ 15 ಏರಿತ್ತು.