ಪೂರ್ಣಯ್ಯನವರ ಕಾಲದ ಆ ಕಲ್ಲು ಸೇತುವೆ ಕೆಳಗೆ ನಮ್ಮ ಹೇಮಾವತಿ ನೀರೂ ಹರಿಯತ್ತೆ

ಹೋದ ವಾರ ದೊಡ್ಡಪ್ಪನ ಅಸ್ಥಿ ಬಿಡಕ್ಕೆ ಅಂತ ಸಕಲೇಶಪುರದಿಂದ ಪಶ್ಚಿಮವಾಹಿನಿಗೆ ಹೋಗಿದ್ವಿ. ಕೆಲಸ ಮುಗಿಸ್ಕೊಂಡು ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಹತ್ರ ಗಾಡಿ ನಿಲ್ಸಿದೆ. ಮೂಡಿಗೆರೆ ಕಡೆ ಹುಟ್ಟಿ ನಮ್ಮೂರು, ಗೊರೂರು ದಾಟಿ ಕನ್ನಂಬಾಡಿ ಹಿನ್ನೀರಲ್ಲಿ ಕಾವೇರಿ ಸೇರೋ ಹೇಮಾವತಿ ಇಲ್ಲೇ ತಾನೇ ಬರೋದು, ಅದಕ್ಕೆ ನಂಗೆ ಇದು ಬೇರೆ ಊರಿನ ಸೇತುವೆ ಅನ್ಸೋದೇ ಇಲ್ಲ.

ಅಣ್ಣನ ಮಗ ಕೇಳ್ದ, "ಚಿಕ್ಕಪ್ಪ, ಇದು ಬ್ರಿಟಿಷರು ಕಟ್ಟಿದ್ದಲ್ವಾ?" ಹೆಸರು ನೋಡಿದ್ರೆ ಯಾರಾದ್ರೂ ಹಾಗೇ ಅನ್ಕೋತಾರೆ. ಆಗಿನ ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರನ್ನ ಇದಕ್ಕೆ ಇಟ್ಟಿದ್ದು ನಿಜ, ಆದ್ರೆ ಟಿಪ್ಪು ತೀರ್ಕೊಂಡ ಮೇಲೆ, ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಹುಡುಗ ಆಗಿದ್ದಾಗ, 1804ರ ಹೊತ್ತಿಗೆ ಇದನ್ನ ನಿಂತು ಕಟ್ಟಿಸಿದ್ದು ದಿವಾನ್ ಪೂರ್ಣಯ್ಯ.

ಕೆಳಗಿಳಿದು ಅವನಿಗೆ ತೋರಿಸ್ದೆ. ಇಲ್ಲಿ ಕಮಾನೇ ಇಲ್ಲ ನೋಡು. ಸಾಲಾಗಿ ಕಲ್ಲಿನ ಕಂಬ, ಕಂಬದ ಮೇಲೆ ಬೋದಿಗೆ, ಅಂದ್ರೆ ತೊಲೆ ಹೊರೋಕೆ ಕಂಬದ ತಲೆ ಮೇಲೆ ಅಡ್ಡ ಇಡೋ ಕಲ್ಲು, ಬೋದಿಗೆ ಮೇಲೆ ಕಲ್ಲಿನ ತೊಲೆ. ಬೇಲೂರು ದೇವಸ್ಥಾನದ ನವರಂಗದಲ್ಲಿ ಕತ್ತೆತ್ತಿ ನೋಡಿದ್ರೆ ಕಾಣೋದೂ ಇದೇ ಅಲ್ವಾ! ಅಲ್ಲಿ ಬಳಪದ ಕಲ್ಲು, ನುಣುಪು, ಮೈತುಂಬ ಕೆತ್ತನೆ. ಇಲ್ಲಿ ಗಟ್ಟಿ ಗ್ರಾನೈಟು, ಕೈ ಆಡಿಸಿದ್ರೆ ಉಳಿ ಏಟಿನ ತರಿ ಇನ್ನೂ ಸಿಗತ್ತೆ. ಕಲ್ಲು ಮೇಲಿಂದ ಎಷ್ಟು ಭಾರ ಹಾಕಿದ್ರೂ ತಡ್ಕೊಳತ್ತೆ, ಆದ್ರೆ ಉದ್ದ ತೊಲೆ ಮಾಡಿ ಬರೀ ಎರಡು ತುದಿಗೆ ಆಸರೆ ಕೊಟ್ರೆ ನಡುವಲ್ಲಿ, ಅದೂ ಅಡಿಯಿಂದ, ಬಿರುಕು ಬಿಡತ್ತೆ. ಬೋದಿಗೆ ಎರಡೂ ಕಡೆ ತೋಳು ಚಾಚಿ ಆ ಅಂತರನ ಕಡ್ಮೆ ಮಾಡತ್ತೆ, ಅದಕ್ಕೇ ಕಂಬಗಳೂ ಹತ್ತಿರ ಹತ್ತಿರ ಇರೋದು. ಕೋಟೆ, ದೇವಸ್ಥಾನ, ಮಂಟಪ ಕಟ್ಟಿ ಪಳಗಿದ ಕೈಗಳ ಲೆಕ್ಕಾಚಾರ ಇದು, 200 ವರ್ಷ ದಾಟಿದೆ, ಎಷ್ಟು ಪ್ರವಾಹ ನೋಡಿದೆಯೋ.

ಬೇಲೂರಲ್ಲಿ ಕಂಬಕ್ಕೆ ಒಂದು ಗೀಟು ಬಿದ್ರೂ ನಮಗೆ ಹೊಟ್ಟೆ ಉರಿಯತ್ತೆ, ಸರಿಯೇ, ಆದ್ರೆ ಇದೇ ವಿದ್ಯೆ ಹೊಳೆಯಲ್ಲಿ ನಿಂತಿರೋದನ್ನ ಹಳೇ ಸೇತುವೆ ಅಂತ ಸುಮ್ನೆ ಬಿಟ್ಬಿಡ್ತೀವಲ್ಲ, ಅದು ನಂಗೆ ತುಂಬಾ ಬೇಜಾರು. ದೇವರ ವಿಗ್ರಹ ಇದ್ರಷ್ಟೇ ಕಾಪಾಡೋದಾ? ಅಲ್ಲೇ ಒಂದು ತೊಲೆ ಸಂದಿಯಲ್ಲಿ ಅರಳಿ ಸಸಿ, ಎರಡು ಗೇಣು ಎತ್ತರ. ಹುಡುಗ ಹತ್ತಿ ಎಳೆದ, ಕಾಂಡ ಕೈಗೆ ಬಂತು, ಬೇರು ಒಳಗೇ ಉಳೀತು. ಮಳೆ ಶುರುವಾಗೋದ್ರೊಳಗೆ ಯಾರಾದ್ರೂ ಗೊತ್ತಿರೋರು ಅದನ್ನ ಸರಿಯಾಗಿ ತೆಗೀಬೇಕು.