ಸ್ಫೋಟ ತೋರಿಸಿದ್ದು ಸಾಕು, ಅಳೆದದ್ದನ್ನೂ ತೋರಿಸಿ

ವಿಜ್ಞಾನದ ಸಾಕ್ಷ್ಯಚಿತ್ರ ಅಂದ್ರೆ ನನಗೆ ಪ್ರಾಣ. ಜ್ವಾಲಾಮುಖಿ, ಸುನಾಮಿ, ವೈರಸ್, ಕರಗುವ ಹಿಮ, ಯಾವುದಿದ್ದರೂ ಕೂತು ನೋಡುತ್ತೇನೆ. ಅದಕ್ಕೇ ಸಿಟ್ಟೂ ಬರುತ್ತದೆ. ಬೆಟ್ಟ ಸಿಡಿಯುವುದನ್ನು ನಾಲ್ಕು ಕಡೆಯಿಂದ ಸ್ಲೋ ಮೋಷನ್‌ನಲ್ಲಿ ತೋರಿಸುತ್ತಾರೆ, ಎದೆ ನಡುಗಿಸುವ ಸಂಗೀತ ಹಾಕುತ್ತಾರೆ, ಆದರೆ ಅದು ಸಿಡಿಯುತ್ತದೆ ಅಂತ ಮೊದಲೇ ಗೊತ್ತಾದದ್ದು ಹೇಗೆ ಅನ್ನುವುದನ್ನು "ವಿಜ್ಞಾನಿಗಳ ಪ್ರಕಾರ" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಬೇಕಾದ ಕಥೆ ಇರುವುದೇ ಅಲ್ಲಿ.

1991ರ ಪಿನಾಟುಬೊ ತಗೊಳ್ಳಿ. ಫಿಲಿಪ್ಪೀನ್ಸ್‌ನ ಈ ಬೆಟ್ಟ ಸುಮಾರು 500 ವರ್ಷ ಸುಮ್ಮನಿತ್ತು. ಏಪ್ರಿಲ್‌ನಲ್ಲಿ ಹಬೆ ಉಗುಳಲು ಶುರುಮಾಡಿದಾಗ ಫಿಲಿಪ್ಪೀನ್ಸ್ ಮತ್ತು ಅಮೆರಿಕದ ವಿಜ್ಞಾನಿಗಳು ಸುತ್ತಲೂ ಕಂಪನಮಾಪಕಗಳನ್ನಿಟ್ಟರು, ಹೊರಬರುವ ಸಲ್ಫರ್ ಡೈಆಕ್ಸೈಡ್ ಅನಿಲ ಅಳೆದರು. ಮೇ ತಿಂಗಳಲ್ಲಿ ಎರಡೇ ವಾರಕ್ಕೆ ಅದು ದಿನಕ್ಕೆ 500 ಟನ್‌ನಿಂದ 5000 ಟನ್‌ಗೆ ಏರಿತು. ಆಮೇಲೆ ದಿಢೀರನೆ ಇಳಿಯಿತು. ಅನಿಲ ಕಡಿಮೆಯಾಯಿತಲ್ಲ, ಇನ್ನೇನು ಭಯವಿಲ್ಲ ಅಂತ ನಮಗೆ ಅನ್ನಿಸುತ್ತೆ ಅಲ್ವಾ? ಅವರಿಗೆ ಹೆದರಿಕೆ ಹುಟ್ಟಿದ್ದೇ ಆಗ. ಒಳಗಿನ ದಾರಿ ಮುಚ್ಚಿಕೊಂಡಿದ್ದರೆ ಒತ್ತಡ ಕೂಡುತ್ತಾ ಹೋಗುತ್ತದೆ. ಜೂನ್ 15ರ ದೊಡ್ಡ ಸ್ಫೋಟಕ್ಕೂ ಮೊದಲೇ ಹತ್ತಾರು ಸಾವಿರ ಜನರನ್ನು ದೂರ ಸಾಗಿಸಿದ್ದರು. ಜನರನ್ನು ಉಳಿಸಿದ ಆ ಅಳತೆಗಳಿಗೆ ಪರದೆಯ ಮೇಲೆ ಎಷ್ಟು ನಿಮಿಷ ಸಿಗುತ್ತದೆ?

ಅದಕ್ಕೂ ಮುಂಚೆ, 1985ರ ನವೆಂಬರ್‌ನಲ್ಲಿ, ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಅನ್ನುವ ಜ್ವಾಲಾಮುಖಿ ಸಿಡಿದಾಗ ತುದಿಯ ಹಿಮ ಕರಗಿ ಕೆಸರಿನ ಪ್ರವಾಹವಾಯಿತು. ಅರ್ಮೆರೊ ಪಟ್ಟಣ ಹೂತುಹೋಯಿತು, 20,000ಕ್ಕೂ ಜಾಸ್ತಿ ಜನ ಸತ್ತರು. ಅಪಾಯದ ನಕ್ಷೆ ಹಿಂದಿನ ತಿಂಗಳೇ ಸಿದ್ಧವಾಗಿತ್ತು, ಜನರನ್ನು ಎಬ್ಬಿಸಿ ಕಳಿಸುವ ಕೆಲಸ ಆಗಲಿಲ್ಲ. ಈ ಎರಡು ಬೆಟ್ಟಗಳ ಕಥೆಯನ್ನು ಒಟ್ಟಿಗೆ ಇಟ್ಟು ಹೇಳಿದರೆ ಯಾವ ಗ್ರಾಫಿಕ್ಸೂ ಬೇಕಿಲ್ಲ.

ಆರೋಗ್ಯದ ಚಿತ್ರಗಳಲ್ಲಂತೂ ಇದು ಇನ್ನೂ ಕೆಟ್ಟದು. "ಈ ಆಹಾರ ತಿಂದರೆ ಅಪಾಯ ಶೇಕಡಾ 50ರಷ್ಟು ಜಾಸ್ತಿ" ಅನ್ನುತ್ತಾರೆ. ಎಷ್ಟಿದ್ದದ್ದು ಎಷ್ಟಾಯಿತು ಅಂತ ಹೇಳುವುದೇ ಇಲ್ಲ. ನೂರು ಜನರಲ್ಲಿ ಇಬ್ಬರಿಗೆ ಬರುವ ಕಾಯಿಲೆ ಮೂವರಿಗೆ ಬಂದರೂ ಅದು ಶೇಕಡಾ 50 ಏರಿಕೆಯೇ. ಹೊಟ್ಟೆಯ ಹುಣ್ಣಿಗೆ ಒಂದು ಬ್ಯಾಕ್ಟೀರಿಯಾ ಕಾರಣ ಅಂತ ತೋರಿಸಲು ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ಅದನ್ನೇ ಕುಡಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಅದು ರೋಮಾಂಚಕ ನಿಜ. ಆದರೆ ಅವರಿಗೆ ಬಂದದ್ದು ಹೊಟ್ಟೆಯ ಉರಿಯೂತ, ಹುಣ್ಣಲ್ಲ. ಆ ಬ್ಯಾಕ್ಟೀರಿಯಾವನ್ನು ಔಷಧಿಯಿಂದ ತೆಗೆದರೆ ಹುಣ್ಣು ಮರಳಿ ಬರುವುದು ತೀರಾ ಕಡಿಮೆ ಅಂತ ರೋಗಿಗಳಲ್ಲಿ ಪರೀಕ್ಷೆ ಮಾಡಿ ತೋರಿಸಬೇಕಾಯಿತು. ಆ ಭಾಗ ಬಿಟ್ಟರೆ ನೋಡುವವರಿಗೆ ಏನು ಉಳಿಯುತ್ತದೆ? ಧೈರ್ಯವಾಗಿ ಏನಾದರೂ ಕುಡಿದವನೇ ಸರಿ ಅಂತ. ಸುಳ್ಳು ಮದ್ದು ಮಾರುವವರಿಗೆ ಇಷ್ಟೇ ಸಾಕು.

ಇನ್ನು ಭೂಮಿಯ ಭವಿಷ್ಯ. 2100ಕ್ಕೆ ನಗರಗಳು ಮುಳುಗುವ ಅನಿಮೇಷನ್ ನೀವೂ ನೋಡಿರುತ್ತೀರಿ. ಸಮುದ್ರ ಏರುತ್ತಿರುವುದು ನಿಜ, 1900ರಿಂದ ಈಚೆಗೆ ಸುಮಾರು 20 ಸೆಂಟಿಮೀಟರ್ ಏರಿದೆ. ಮುಂದೆ ಎಷ್ಟು ಅನ್ನುವುದಕ್ಕೆ ಹವಾಮಾನ ಬದಲಾವಣೆಯ ಬಗ್ಗೆ ವರದಿ ಕೊಡುವ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2021ರ ವರದಿ ಒಂದೇ ಸಂಖ್ಯೆ ಕೊಡಲಿಲ್ಲ. ಹೊಗೆ ಬೇಗ ಕಡಿಮೆ ಮಾಡಿದರೆ ಇಷ್ಟು, ಮಾಡದಿದ್ದರೆ ಅಷ್ಟು ಅಂತ, ಶತಮಾನದ ಕೊನೆಗೆ ಸುಮಾರು 30 ಸೆಂಟಿಮೀಟರ್‌ನಿಂದ ಒಂದು ಮೀಟರ್‌ವರೆಗೆ ಸಾಧ್ಯತೆಗಳನ್ನು ಮುಂದಿಟ್ಟಿತು. ಆ "ಮಾಡಿದರೆ" ಅನ್ನುವ ಪದವನ್ನೇ ಕತ್ತರಿಸಿ ಬರೀ ಮುಳುಗುವ ಚಿತ್ರ ತೋರಿಸಿದರೆ, ನೋಡಿದವರು ಇನ್ನೇನೂ ಮಾಡಲಾಗದು ಅಂತ ಟಿವಿ ಆರಿಸುತ್ತಾರೆ. ಇದು ನನಗೆ ತುಂಬಾ ನೋವು ಕೊಡುವ ವಿಷಯ.

ಸೂರ್ಯನ ಹಾನಿಕಾರಕ ಕಿರಣಗಳನ್ನು ತಡೆಯುವ ಓಝೋನ್ ಪದರದ ಕಥೆಯನ್ನು ಯಾಕೆ ಇಷ್ಟು ಕಡಿಮೆ ಹೇಳುತ್ತಾರೋ! ಅಂಟಾರ್ಕ್ಟಿಕದ ಹ್ಯಾಲಿ ಬೇ ಕೇಂದ್ರದಲ್ಲಿ ಬ್ರಿಟಿಷ್ ವಿಜ್ಞಾನಿಗಳು 1950ರ ದಶಕದಿಂದ ತಪ್ಪದೆ ಅಳೆಯುತ್ತಾ ಬಂದರು. 1985ರಲ್ಲಿ ಓಝೋನ್ ಕುಸಿದಿರುವುದನ್ನು ಪ್ರಕಟಿಸಿದರು. ಎರಡೇ ವರ್ಷದಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, ಓಝೋನನ್ನು ಹಾಳುಮಾಡುತ್ತಿದ್ದ, ಫ್ರಿಜ್ ಮತ್ತು ಸ್ಪ್ರೇ ಡಬ್ಬಿಗಳಲ್ಲಿದ್ದ ಸಿಎಫ್‌ಸಿ ಅನಿಲಗಳು ಕ್ರಮೇಣ ಬಳಕೆಯಿಂದ ಹೋದವು. ಪದರ ಈಗ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ.

ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ, ಭೂಮಿಯನ್ನು ಬಿಸಿಮಾಡುವ ಕಾರ್ಬನ್ ಡೈಆಕ್ಸೈಡ್ ಅನಿಲವನ್ನು ಅಳೆಯಲು ಶುರುಮಾಡಿದಾಗ ಗಾಳಿಯ ಪ್ರತಿ ಹತ್ತು ಲಕ್ಷ ಕಣಗಳಲ್ಲಿ ಅದು ಸುಮಾರು 315 ಇತ್ತು. ಈಗ 420 ದಾಟಿದೆ. 1964ರಲ್ಲಿ ದುಡ್ಡಿಲ್ಲದೆ ಕೆಲವು ತಿಂಗಳು ಆ ಅಳತೆ ನಿಂತೇ ಹೋಗಿತ್ತು. ಹವಾಮಾನದ ಚಿತ್ರ ಮಾಡುವವರಲ್ಲಿ ನನ್ನದೊಂದು ಬೇಡಿಕೆ: ಮುರಿದು ಬೀಳುವ ಹಿಮಬಂಡೆಯನ್ನು ಒಂದು ಸಲ ಕಡಿಮೆ ತೋರಿಸಿ, ಆ ನಿಂತುಹೋದ ತಿಂಗಳುಗಳ ಬಗ್ಗೆ ಹತ್ತು ನಿಮಿಷ ಹೇಳಿ. ಇಂಥ ಯಂತ್ರಗಳಿಗೆ ದುಡ್ಡು ಕೊಡುವ ಸರ್ಕಾರಗಳನ್ನು ಆರಿಸುವವರು ಅದನ್ನು ನೋಡಲಿ.