ಕಲಸುಮೇಲೋಗರಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ?

ಇತ್ತೀಚೆಗೆ ನನ್ನ ಬೆಳಗುಗಳೆಲ್ಲ ಗದರಿಕೆಯಿಂದಲೇ ಆರಂಭವಾಗುತ್ತಿವೆ. ಮೊಬೈಲ್ ತೆರೆದರೆ ಸಾಕು, ಕೋಟು ತೊಟ್ಟ ಯುವಕನೊಬ್ಬ ನನ್ನತ್ತ ಬೆರಳು ಚಾಚಿ, ‘ವೆರಿ ಟೈರ್ಡ್ ಅನ್ನಬೇಡಿ, ಎಗ್ಸಾಸ್ಟೆಡ್ ಅನ್ನಿ, ವೆರಿ ಹಂಗ್ರಿ ಅನ್ನಬೇಡಿ, ರ‍್ಯಾವೆನಸ್ ಅನ್ನಿ’ ಎಂದು ಅಪ್ಪಣೆ ಕೊಡಿಸುತ್ತಾನೆ. ನಾನು ಅವನಿಗೆ ಯಾವ ಅಪಕಾರವನ್ನೂ ಮಾಡಿದವನಲ್ಲ. ಒಮ್ಮೆ ಮೈಮರೆತು ಅವನ ರೀಲನ್ನು ಕೊನೆಯವರೆಗೂ ನೋಡಿದ್ದೆನಷ್ಟೆ. ಅಂದಿನಿಂದ ಅವನಂಥವರು ಹತ್ತಾರು ಮಂದಿ ಸರದಿಯಲ್ಲಿ ನಿಂತು, 30 ದಿನಗಳಲ್ಲಿ 3,000 ಪದಗಳನ್ನು ನನ್ನ ತಲೆಗೆ ತುಂಬಿಸಿ, ನನ್ನನ್ನು ಮನುಷ್ಯನನ್ನಾಗಿ ಮಾಡುವುದಾಗಿ ಭರವಸೆ ಕೊಡುತ್ತಿದ್ದಾರೆ.

ಗುರುವಾಕ್ಯವನ್ನು ಶಿರಸಾವಹಿಸಿ ಮೊನ್ನೆ ದರ್ಶಿನಿಯೊಂದರ ಕೌಂಟರಿನ ಮುಂದೆ ನಿಂತು ‘ಐ ಯಾಮ್ ರ‍್ಯಾವೆನಸ್’ ಎಂದೆ. ಕೌಂಟರಿನಲ್ಲಿದ್ದವರು ಹಿಂದಿರುಗಿ ದರಪಟ್ಟಿಯನ್ನೊಮ್ಮೆ ನೋಡಿ, ‘ಅದು ಇಲ್ಲ ಸಾರ್, ಇಡ್ಲಿ ವಡೆ ಇದೆ, ಖಾರಾಬಾತ್ ಈಗ ಬರುತ್ತೆ’ ಎಂದರು.

ಹಾಗೆಂದು ಈ ಗುರುಪರಂಪರೆಯನ್ನು ಹಗುರವಾಗಿ ಕಾಣುವಂತಿಲ್ಲ. ನಮ್ಮ ವಸತಿ ಸಮುಚ್ಚಯದ ಕಾರ್ಯದರ್ಶಿಗಳು ಇಂಥದೇ ಕೋರ್ಸೊಂದನ್ನು ಮುಗಿಸಿದ್ದಾರೆ. ಮೊದಲೆಲ್ಲ ‘ನಾಳೆ ನೀರು ಬರುವುದಿಲ್ಲ’ ಎಂದು ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು ಹಾಕುತ್ತಿದ್ದವರು, ಈಗ ‘ಅನ್‌ಪ್ರೆಸಿಡೆಂಟೆಡ್ ಎಕ್ಸಿಜೆನ್ಸಿ’ಯಿಂದ ತೊಡಗಿ ಮೂರು ಪ್ಯಾರಾ ಬರೆಯುತ್ತಾರೆ. ನೀರಿಲ್ಲ ಎಂಬ ಸಂಗತಿ ಮೂರನೆಯ ಪ್ಯಾರಾದ ನಡುವೆಲ್ಲೋ ಅಡಗಿರುವುದರಿಂದ, ನಾವು ಅದನ್ನು ಪತ್ತೆ ಹಚ್ಚುವ ವೇಳೆಗೆ ಟ್ಯಾಂಕ್ ಖಾಲಿಯಾಗಿರುತ್ತದೆ. ಆದರೆ ಯಾರೂ ದೂರುವುದಿಲ್ಲ. ದೂರಬೇಕಾದರೆ ಅಷ್ಟೇ ತೂಕದ ಇಂಗ್ಲಿಷಿನಲ್ಲಿ ದೂರಬೇಕಲ್ಲ! ಪದಸಂಪತ್ತು ಎಂಬುದು ಸಂಪತ್ತೇ ಹೌದು, ಉಳಿದವರ ಬಾಯಿ ಮುಚ್ಚಿಸುವ ವಿಷಯದಲ್ಲಿ ಅದು ಹಣಕ್ಕಿಂತ ಒಂದು ಕೈ ಮೇಲು.

ಈ ಸಂಪತ್ತಿನ ಕುಬೇರರೆಂದರೆ ತಿರುವನಂತಪುರದ ಸಂಸದ ಶಶಿ ತರೂರ್. 2017ರ ಮೇ ತಿಂಗಳಲ್ಲಿ, ತಮ್ಮ ಮೇಲೆ ಬಂದ ಆರೋಪಗಳಿಗೆ ಟ್ವೀಟಿನಲ್ಲಿ ಉತ್ತರಿಸುತ್ತ ಅವರು ‘ಫರಾಗೊ’ ಎಂಬ ಪದವನ್ನು ಎಸೆದದ್ದೇ ತಡ, ದೇಶ ಆರೋಪವನ್ನೂ ಉತ್ತರವನ್ನೂ ಒಟ್ಟಿಗೆ ಮರೆತು ನಿಘಂಟಿನ ಕಡೆ ಓಡಿತು. ಮರುವರ್ಷ ಅವರು 29 ಅಕ್ಷರಗಳ ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್’ ಎಂಬುದನ್ನು ದಯಪಾಲಿಸಿದರು. ಬೆಲೆಯಿಲ್ಲದ್ದು ಎಂಬ ಅರ್ಥದ ನಾಲ್ಕು ಲ್ಯಾಟಿನ್ ಪದಗಳನ್ನು ಒಂದರ ಬಾಲಕ್ಕೊಂದು ಕಟ್ಟಿ ತಯಾರಿಸಿದ ಈ ಪದಕ್ಕೆ, ಯಾವುದನ್ನಾದರೂ ನಿಷ್ಪ್ರಯೋಜಕವೆಂದು ಎಣಿಸುವುದು ಎಂದರ್ಥ. ನಾವು ‘ಕಾಲಕಸ ಮಾಡುವುದು’ ಎಂದು ಹೇಳಿ ಮುಂದಿನ ಕೆಲಸಕ್ಕೆ ಹೋಗಿರುತ್ತೇವೆ.

ಫರಾಗೊ ಪದದ ಬೆನ್ನು ಹತ್ತಿದ ನನಗೆ ಒಂದು ವಿಸ್ಮಯ ಕಾದಿತ್ತು. ಇಂಗ್ಲಿಷಿನಲ್ಲಿ ಅದು ಕಲಬೆರಕೆ, ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ ದನಗಳಿಗೆ ಹಾಕುವ ಬೆರಕೆ ಮೇವು. ಓದಿದ ಕೂಡಲೇ ನಮ್ಮ ಹಿತ್ತಲಿನ ಕಲಗಚ್ಚಿನ ಬಾನಿ ಕಣ್ಣ ಮುಂದೆ ಬಂತು. ಅಕ್ಕಿ ತೊಳೆದ ನೀರು, ಬಾಳೆಹಣ್ಣಿನ ಸಿಪ್ಪೆ, ತರಕಾರಿ ಹೆಚ್ಚಿದ ಚೂರು, ಒಂದು ಹಿಡಿ ತೌಡು, ಹಾಲು ಕರೆಯುವ ಹಸುವಾದರೆ ಒಂದಿಷ್ಟು ಹಿಂಡಿ. ಹಸು ಕಣ್ಣಿನವರೆಗೆ ಮೂತಿಯನ್ನು ಅದ್ದಿ, ತಳದಲ್ಲಿ ಕೂತ ಹಿಂಡಿಯನ್ನು ಹುಡುಕುತ್ತ, ಮೂಗಿನಿಂದ ಬುಳುಬುಳು ಗುಳ್ಳೆ ಬಿಡುತ್ತಿತ್ತು. ಇಷ್ಟು ದಿನ ನಾನು ಫರಾಗೊದ ಪಕ್ಕದಲ್ಲೇ ಬೆಳೆದಿದ್ದೆ, ಗೊತ್ತಿರಲಿಲ್ಲ. ಸುಳ್ಳು ಸತ್ಯಗಳನ್ನು ಬೆರೆಸಿದ ಮಾತಿಗೆ ‘ಕಲಸುಮೇಲೋಗರ’ ಎಂಬ ಚೊಕ್ಕ ಪದವೂ ನಮ್ಮಲ್ಲೇ ಇತ್ತು. ಆದರೆ ಜಾನುವಾರುಗಳ ಮೇವು ಕನ್ನಡದಲ್ಲಿ ಬಂದರೆ ಪರಿಣಾಮವೇ ಬೇರೆ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದಾಗ ರಾಜ್ಯದಲ್ಲಿ ಬೆಂಕಿ ಬಿದ್ದು, ಅವರು ಮಂತ್ರಿಪದವಿಯನ್ನೇ ಬಿಡಬೇಕಾಯಿತು. ಅವರು ಆ ದಿನ ಬೂಸಾ ಎನ್ನುವ ಬದಲು ಫರಾಗೊ ಎಂದಿದ್ದರೆ ಸಭಿಕರು ಚಪ್ಪಾಳೆ ತಟ್ಟಿ, ಮನೆಗೆ ಹೋಗಿ ಅರ್ಥ ಹುಡುಕುತ್ತಿದ್ದರೋ ಏನೋ. ಮುಂದುವರಿದ ಇಂಗ್ಲಿಷ್ ಪದಸಂಪತ್ತಿನ ಪ್ರಯೋಜನಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೆ?

ಪರೀಕ್ಷೆಗಾಗಿ ಪದ ಉರುಹೊಡೆಯುವವರ ಕಥೆ ಇನ್ನೊಂದು. ವಿದೇಶದಲ್ಲಿ ಓದಬಯಸುವವರು ಬರೆಯುವ ಜಿಆರ್‌ಇ ಪರೀಕ್ಷೆಯು 2011ರ ಆಗಸ್ಟ್‌ನಲ್ಲಿ ಹೊಸ ರೂಪ ತಳೆದಾಗ, ಬಿಡಿ ಪದಗಳನ್ನು ಬಾಯಿಪಾಠ ಮಾಡಿದವರಿಗೆ ಅನುಕೂಲವಾಗಿದ್ದ ವಿರುದ್ಧಪದ ಮತ್ತು ಸಾದೃಶ್ಯದ ಪ್ರಶ್ನೆಗಳನ್ನು ಕೈಬಿಟ್ಟಿತು. ಪರೀಕ್ಷೆ ಬಿಟ್ಟರೂ ನಾವು ಬಿಟ್ಟೇವೆಯೆ? ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹಳೆಯ ಪದಪಟ್ಟಿಗಳ ಪುಸ್ತಕಗಳು ಇಂದಿಗೂ ಗುಡ್ಡೆ ಬಿದ್ದಿವೆ. ಇಂಗ್ಲೆಂಡಿನವರೇ ಆದ ಸಿ.ಕೆ. ಓಗ್ಡನ್ 1930ರಷ್ಟು ಹಿಂದೆಯೇ 850 ಪದಗಳ ‘ಬೇಸಿಕ್ ಇಂಗ್ಲಿಷ್’ ಕಟ್ಟಿ, ದಿನದ ವ್ಯವಹಾರಕ್ಕೆ ಇಷ್ಟು ಸಾಕು ಎಂದಿದ್ದರು. ಅವರ ಪಟ್ಟಿಯನ್ನು ಹಿಡಿದು ರೀಲು ಮಾಡಿದರೆ ಯಾರು ನೋಡುತ್ತಾರೆ!

ಇಲ್ಲಿಯವರೆಗೆ ನಕ್ಕದ್ದಾಯಿತು. 2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗವು 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ನಡೆಸಿದ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಹೇಗಿದ್ದವೆಂಬುದನ್ನು ಓದುಗರಿಗೆ ನಾನು ಹೇಳಬೇಕಾಗಿಲ್ಲ. ಇಂಗ್ಲಿಷಿನಿಂದ ಮಾಡಿದ ಅನುವಾದ ಕೆಟ್ಟಿತೆಂದು ಮರುಪರೀಕ್ಷೆಗೆ ಆದೇಶವಾಯಿತು. ಡಿಸೆಂಬರ್ 29ರಂದು ನಡೆದ ಆ ಮರುಪರೀಕ್ಷೆಯಲ್ಲಿಯೂ ಅನುವಾದ ಅದೇ ಕಲ್ಲಿಗೆ ಮತ್ತೆ ಎಡವಿತು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆ ಕನ್ನಡದಲ್ಲಿಯೂ ನಡೆಯುತ್ತದೆಯೆಂದು ನಾವು ಹೆಮ್ಮೆ ಪಡುತ್ತೇವೆ, ಆದರೆ ಅನುವಾದದಲ್ಲಿ ಸಂದಿಗ್ಧತೆ ಇದ್ದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ ಎಂಬ ಷರತ್ತು ಅಲ್ಲಿದೆ. ಕನ್ನಡದಲ್ಲಿ ಬರೆಯಲು ಅವಕಾಶವೇನೋ ಇದೆ, ಕನ್ನಡವನ್ನು ನಂಬಿ ಬರೆಯುವುದು ಮಾತ್ರ ಅವರವರ ಜವಾಬ್ದಾರಿ. ಪ್ರಶ್ನೆ ತೆಗೆದವರಿಗೆ ಕನ್ನಡ ಬರುವುದಿಲ್ಲ, ಅದನ್ನು ಅಚ್ಚಿಗೆ ಕಳುಹಿಸುವ ಮುನ್ನ ಓದಿ ನೋಡುವ ವ್ಯವಧಾನ ಯಾರಿಗೂ ಇಲ್ಲ. ಪದಸಂಪತ್ತು ಬೆಳೆಸಿಕೊಳ್ಳಬೇಕಾದವನು ಮಾತ್ರ ಐದು ವರ್ಷದಿಂದ ಪರೀಕ್ಷೆಗೆಂದು ಓದುತ್ತ ಕೂತ ಹುಡುಗ. ಇದಕ್ಕೆ ಹಾಸ್ಯ ಬರೆಯಲು ನನಗೆ ಮನಸ್ಸು ಬರುತ್ತಿಲ್ಲ.

ಅಂಥ ಹುಡುಗನೊಬ್ಬ ನನಗೆ ಪರಿಚಿತ. ರಾಯಚೂರು ಜಿಲ್ಲೆಯಿಂದ ಬಂದು, ಬೆಂಗಳೂರಿನ ವಿಜಯನಗರದ ಪಿಜಿಯೊಂದರಲ್ಲಿ ಇನ್ನೂ ಮೂವರ ಜೊತೆ ಇದ್ದುಕೊಂಡು ಕೆಎಎಸ್‌ಗೆ ಓದುತ್ತಿದ್ದಾನೆ. ಕಳೆದ ಭಾನುವಾರ ಅವನ ಕೋಣೆಗೆ ಹೋದಾಗ, ಮಂಚದ ಪಕ್ಕದ ಗೋಡೆಯ ತುಂಬ ಹಳದಿ ಚೀಟಿಗಳು ಕಂಡವು. ಒಂದೊಂದರ ಮೇಲೂ ಒಂದು ಇಂಗ್ಲಿಷ್ ಪದ, ಅದರ ಕೆಳಗೆ ಕನ್ನಡದ ಅರ್ಥ. ನಮ್ಮ ಕೋಟಿನ ಗುರುಗಳು ಇಲ್ಲಿಗೂ ಬಂದರಲ್ಲ ಎಂದುಕೊಂಡು, ‘ಏನಪ್ಪಾ, ನೀನು ಬರೆಯುವುದು ಕನ್ನಡದಲ್ಲಿ ತಾನೆ, ಇದೆಲ್ಲ ಯಾಕೆ?’ ಎಂದು ಕೇಳಿದೆ.

‘ಮೊದ್ಲು ಇಂಗ್ಲಿಷ್ ಓದ್ತೀನ್ರಿ ಸರ, ಆಮ್ಯಾಲೆ ಕನ್ನಡ’ ಎಂದ. ‘ಇಲ್ಲಾಂದ್ರ ಕನ್ನಡ ತಿಳೀಬೇಕಲ್ರಿ.’

ಗೋಡೆಯ ಮೇಲಿನ ಮೊದಲ ಚೀಟಿ ‘ಆಂಬಿಗ್ಯುಯಿಟಿ’ ಎಂಬ ಪದದ್ದು. ಅದರ ಕೆಳಗೆ ನೀಲಿ ಶಾಯಿಯಲ್ಲಿ ‘ಸಂದಿಗ್ಧತೆ’ ಎಂದಿತ್ತು. ಸಂದಿಗ್ಧತೆಯ ಕೆಳಗೆ, ಪೆನ್ಸಿಲಿನಲ್ಲಿ, ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ‘ಹಂಗೂ ಆಗ್ತದ, ಹಿಂಗೂ ಆಗ್ತದ.’